ಮಗಳಿಗೊಂದು ಪತ್ರ: ಬೀರು ಬಾಗಿಲಿನ ಆ ಪಟ್ಟಿ ಬಗ್ಗೆ

ಪುಟ್ಟಿ,

ನೀನು ಫೋನ್ ಎತ್ತಲ್ಲ ಅಂತ ಗೊತ್ತಾಯ್ತು, ಅದಕ್ಕೇ ಕೂತು ಟೈಪ್ ಮಾಡ್ತಿದೀನಿ, ಅಕ್ಷರ ತಪ್ಪಿದ್ರೆ ಸರಿ ಮಾಡ್ಕೊಂಡು ಓದು. ಹಬ್ಬದ ದಿನ ಏನಾಯ್ತು ಅಂತ ಮತ್ತೆ ಬರೆಯಲ್ಲ, ಇಬ್ರಿಗೂ ಗೊತ್ತು. ನೀನು ರಾತ್ರಿ ಟ್ರೈನಿಗೆ ಹೊರಟ್ಮೇಲೆ ಅಮ್ಮ ನನ್ನ ಹತ್ರ ಸರಿಯಾಗಿ ಮಾತಾಡಿಲ್ಲ, ಕಾಫಿ ಲೋಟ ಕುಕ್ಕೋ ಸದ್ದಲ್ಲೇ ಎಲ್ಲಾ ಹೇಳ್ತಾಳೆ.

ಆದ್ರೆ ಆ ಹಾಳೆ ಮಾತ್ರ ತಲೆಯಿಂದ ಹೋಗ್ತಿಲ್ಲ. ಬೇಕು ಅಂತ ನಿನ್ನ ಬೀರು ತೆಗೀಲಿಲ್ಲ ಮಾರಾಯ್ತಿ, ಈ ಸಲದ ಮಳೆಗೆ ಕಂಬಳಿಗೆಲ್ಲ ಬೂಷ್ಟು ಹಿಡಿದಿತ್ತು, ಬಚ್ಚಲ ಒಲೆ ಹತ್ರ ಒಣಗಿಸೋಣ ಅಂತ ತೆಗೆದೆ, ಬಾಗಿಲ ಒಳಗಡೆ ಅಂಟಿಸಿದ್ದು ಕಂಡ್ತು. ಮೇಲೆ 'ಜೂನ್ ಗೋಲ್ಸ್'. ಜೂನ್ ಹೊಡೆದು ಜುಲೈ, ಜುಲೈ ಹೊಡೆದು ಆಗಸ್ಟ್. ಕೆಳಗೆ ಒಂಬತ್ತು ಸಾಲು. ಇನ್‌ಸ್ಟಾಗ್ರಾಮಲ್ಲಿ 5000 ಫಾಲೋವರ್ಸ್, ತಿಂಗಳಿಗೆ 1 ಲಕ್ಷ, ಎರಡು ದೊಡ್ಡ ಕ್ಲೈಂಟ್, ದಿನಾ ಒಂದು ಪೋಸ್ಟು, ಹೊಸ ಪೋರ್ಟ್‌ಫೋಲಿಯೋ, ಇನ್ನೂ ಏನೇನೋ, ಕೊನೆಗೆ ಬೆಳಿಗ್ಗೆ ಐದಕ್ಕೆ ಏಳೋದು. ಸಾಗರದ ಮಳೆಗಾಲದಲ್ಲಿ ನೀನು ಐದಕ್ಕೆ ಏಳೋದು! ಮೂರು ತಿಂಗಳೂ ಅದೇ ಒಂಬತ್ತು ಸಾಲು. ಒಂದು ಟಿಕ್ ಇಲ್ಲ, ಯಾಕಾಗ್ಲಿಲ್ಲ ಅಂತ ಪಕ್ಕದಲ್ಲಿ ಒಂದಕ್ಷರ ಇಲ್ಲ, ಬದಲಾಗಿದ್ದು ತಿಂಗಳ ಹೆಸರೊಂದೇ. ಜುಲೈ ಮೇಲೆ ಎಳೆದ ಗೀಟಂತೂ ಎಷ್ಟು ಒತ್ತಿ ಎಳೆದಿದೀಯ ಅಂದ್ರೆ ಅಲ್ಲಿ ಹಾಳೆನೇ ಹರಿದಿದೆ.

ದಿನಾ ಬಟ್ಟೆ ತೆಗೆಯುವಾಗ ಅದು ನಿನ್ನ ಕಣ್ಣಿಗೆ ಬೀಳ್ತಿತ್ತಲ್ಲ. ಕೆಳಗಡೆ ನಾವು 'ಪುಟ್ಟಿ, ದೋಸೆ ಆರುತ್ತೆ ಬಾರೆ' ಅಂತ ಕೂಗ್ತಿದ್ವಿ, ಮೇಲೆ ನೀನು ಆ ಪಟ್ಟಿ ಮುಂದೆ ನಿಂತಿರ್ತಿದ್ದೆ. ಇದೇ ಯೋಚನೆ ಬರುತ್ತೆ ಸುತ್ತಿ ಸುತ್ತಿ. ನಿನ್ನ ಪ್ಯಾಕೆಟ್ ಡಿಸೈನ್ ಕೆಲಸ ಕಡಿಮೆ ಆಗಿದೆ ಅಂತ ನಮಗೆ ಗೊತ್ತಿತ್ತು, ದಿನಾ ಬೆಳಿಗ್ಗೆ ಸೋತೋಳ ಥರ ದಿನ ಶುರು ಮಾಡ್ತಿದೀಯ ಅಂತ ಗೊತ್ತಿರಲಿಲ್ಲ.

'ಇದು ಗೋಲಲ್ಲ ಕಣೆ, ಹರಕೆ' ಅಂದೆ ಹಬ್ಬದ ದಿನ. ಚಿಕ್ಕಪ್ಪನ ಮನೆಯವರ ಮುಂದೆ ಅನ್ನಬಾರದಿತ್ತು, ಅದಕ್ಕೆ ಸಾರಿ. ಮಾತು ಮಾತ್ರ ವಾಪಸ್ ತಗೊಳ್ಳಲ್ಲ. ಲಕ್ಷ ಬರ್ಲಿ, ಐದು ಸಾವಿರ ಜನ ಬರ್ಲಿ ಅನ್ನೋದು ದೇವರ ಹತ್ರ ಕೇಳ್ಕೊಳ್ಳೋ ಐಟಮ್ಮು, ಬರಬೇಕಾದೋರು ಬೇರೆಯವರು. ನೀನೇನು ಮಾಡ್ತೀಯ ಅನ್ನೋದು ಆ ಒಂಬತ್ತರಲ್ಲಿ ಎರಡೋ ಮೂರೋ ಅಷ್ಟೆ.

'ನಿನ್ನ ಪಿಗ್ಮಿಗೂ ನನ್ನ ಫ್ರೀಲಾನ್ಸಿಗೂ ಏನು ಸಂಬಂಧ' ಅಂತ ಕೇಳಿದ್ಯಲ್ಲ ಅವತ್ತು. ಪಿಗ್ಮಿ ಅಂದ್ರೆ ದಿನಾ ಸ್ವಲ್ಪ ಸ್ವಲ್ಪ ಕಟ್ಟೋ ಬ್ಯಾಂಕ್ ಉಳಿತಾಯ, ಅದನ್ನ ಸಣ್ಣದು ಅಂದ್ಕೋಬೇಡ, ಆಮೇಲೆ ಸಿಂಡಿಕೇಟ್ ಬ್ಯಾಂಕ್ ಆಯ್ತಲ್ಲ, ಆ ಉಡುಪಿಯವರು 1928ರಲ್ಲಿ ದಿನಕ್ಕೆ ಎರಡಾಣೆಯಿಂದ ಶುರು ಮಾಡಿದ್ದು, ಅಂಗಡಿ ಬಾಗಿಲಿಗೇ ಹೋಗಿ ತಗೊಳ್ಳೋದು. ಅದಿರ್ಲಿ. ಪಿಗ್ಮಿ ಕಲೆಕ್ಷನ್ ಮಾಡ್ತಿದ್ದ ನನಗೂ ಸಂಬಳ ಇರಲಿಲ್ಲ, ಕಮಿಷನ್ನೇ. ಪ್ರತಿ ತಿಂಗಳೂ ಯಾವುದಾದ್ರೂ ಖಾತೆ ಮುಗಿಯೋದು, ಅಂಗಡಿಯವರು ದುಡ್ಡು ತಗೊಂಡು ಮದುವೆನೋ ಮನೆನೋ ಮಾಡಿ 'ಸ್ವಲ್ಪ ದಿನ ಬೇಡ ಭಟ್ರೆ' ಅನ್ನೋರು, ಅಷ್ಟು ಹೊಸದು ಹುಡುಕದೇ ಇದ್ರೆ ನಮ್ಮನೆ ಅಕ್ಕಿಗೆ ಕೊರತೆ. ಖಾತೆ ಆಗೋದು ಬಿಡೋದು ನನ್ನ ಕೈಲಿರಲಿಲ್ಲ. ಬಿ.ಎಚ್. ರಸ್ತೆಲಿ ಈ ವಾರ ಯಾವ ನಾಲ್ಕು ಹೊಸ ಅಂಗಡಿ ಮೆಟ್ಟಿಲು ಹತ್ತಬೇಕು ಅನ್ನೋದು ನನ್ನ ಕೈಲಿತ್ತು. ಅದನ್ನೇ ಬರ್ಕೊಳ್ತಿದ್ದೆ, ಕಲೆಕ್ಷನ್ ಪುಸ್ತಕದ ಹಿಂದಿನ ಹಾಳೆಲಿ. ತಿಂಗಳ ಕೊನೆಗೆ ಹತ್ತಿದ್ದಕ್ಕೆ ಗುರುತು, ಹತ್ತದೇ ಇದ್ದಿದ್ದಕ್ಕೆ ಕಾರಣ. 'ಮಾಲೀಕರು ಇರ್ಲಿಲ್ಲ, ಸಂಜೆ ಏಳಕ್ಕೆ ಸಿಗ್ತಾರೆ.' ಮುಂದಿನ ತಿಂಗಳು ಏಳಕ್ಕೆ ಹೋಗ್ತಿದ್ದೆ, ಅಷ್ಟೇ ಅದ್ರ ಗುಟ್ಟು.

ನಿನ್ನ ಕೆಲಸ ಬೇರೆ, ಒಪ್ಪಿದೆ, ಆದ್ರೂ ಕೇಳು. ಒಂಬತ್ತು ಬೇಡ, ಮೂರು ಇಟ್ಕೊ. ವಾರಕ್ಕೆ ಐದು ಜನ ಹೊಸಬರಿಗೆ ಬರಿ, ಎಲ್ಲರಿಗೂ ಅದೇ ಕಾಪಿ ಪೇಸ್ಟ್ ಮೆಸೇಜ್ ಅಲ್ಲ, ಅವರ ಪ್ಯಾಕೆಟ್ಟು, ಲೇಬಲ್ಲು ನೋಡಿ ಇಲ್ಲಿ ಹೀಗೆ ಮಾಡಬಹುದು ಅಂತ ಒಂದು ಮಾತು ಸೇರಿಸಿ. ಹಳೆ ಕ್ಲೈಂಟ್‌ಗಳಲ್ಲಿ ತಿಂಗಳಿಗೆ ಇಬ್ರಿಗಾದ್ರೂ ಫೋನು, ಕೆಲಸ ಕೊಡಿ ಅಂತಲ್ಲ, ಆ ಪ್ಯಾಕೆಟ್ ಹೆಂಗೆ ಹೋಗ್ತಿದೆ ಅಂತ ವಿಚಾರಿಸು, ಗೊತ್ತಿರೋರಿಗೆ ನನ್ನ ಹೆಸರು ಹೇಳಿ ಅನ್ನು. ಮೂರನೇದು ನಿನ್ನಿಷ್ಟ, ಪೋರ್ಟ್‌ಫೋಲಿಯೋನೇ ಆಗ್ಲಿ, ಆದ್ರೆ 'ಹೊಸ ಪೋರ್ಟ್‌ಫೋಲಿಯೋ' ಅಂತ ಗುಡ್ಡದಂಥದ್ದು ಬರಿಬೇಡ, ಈ ತಿಂಗಳು ಎರಡು ಕೆಲಸದ ಫೋಟೋ ಹಾಕ್ತೀನಿ ಅಂತ ಬರಿ. ಲಕ್ಷದ ಲೆಕ್ಕ ಬೇರೆ ಪುಸ್ತಕದಲ್ಲಿರ್ಲಿ, ದುಡ್ಡು ಬೇಡ ಅಂತ ಯಾರು ಹೇಳಿದ್ರು.

ತಿಂಗಳ ಕೊನೆ ಸಂಜೆ ಅರ್ಧ ಗಂಟೆ ಕೂರು. ಯಾರು ವಿಚಾರಿಸಿದ್ರು, ಎಲ್ಲಿಂದ ಗೊತ್ತಾಗಿ ಬಂದ್ರು, ಎಷ್ಟು ಕೋಟ್ ಮಾಡಿದೆ, ಹೂಂ ಅಂದ್ರಾ ಊಹೂಂ ಅಂದ್ರಾ. ಎಲ್ಲಿಂದ ಬಂದ್ರಿ ಅಂತ ಕೇಳೋಕೆ ನಾಚಿಕೆ ಪಡಬೇಡ. ಒಂದು ತಿಂಗಳಲ್ಲಿ ಏನೂ ಕಾಣಲ್ಲ, ಮೂರ್ನಾಕು ತಿಂಗಳು ಸೇರಿದ್ರೆ ಕಾಣುತ್ತೆ. ಲೈಕ್ ಒತ್ತಿದವರೆಲ್ಲ ಲೈಕ್ ಒತ್ತಿ ಹೋದ್ರು, ಕೆಲಸ ಕೊಟ್ಟವರೆಲ್ಲ ಇನ್ಯಾರೋ ಹೇಳಿ ಬಂದವರು ಅಂತ ಕಂಡ್ರೆ ದಿನಾ ಪೋಸ್ಟ್ ಹಾಕೋ ಒದ್ದಾಟ ವಾರಕ್ಕೊಂದಕ್ಕೆ ಇಳಿಸು. ಉಲ್ಟಾ ಕಂಡ್ರೆ ಪೋಸ್ಟೇ ಹಾಕು, ನಾನೇನು ಹಟ ಮಾಡಲ್ಲ. ಸತತ ಎರಡು ತಿಂಗಳು ಆಗದೇ ಇದ್ದಿದ್ದನ್ನ ಮೂರನೇ ತಿಂಗಳಿಗೆ ಹಾಗೇ ಎಳಿಬೇಡ, ಅರ್ಧ ಮಾಡು, ಇಲ್ಲಾ ಕಿತ್ತು ಹಾಕು.

ಇನ್ನೊಂದು, ನಿನಗೆ ಕೆಲಸ ಕೊಡ್ತಿದ್ದ ಆ ಕಂಪನಿ ಅದನ್ನ ನಿಲ್ಲಿಸಿದ್ದು ನಿನ್ನ ತಪ್ಪಲ್ಲ. ಆದ್ರೆ ಅವರು ಕೈತುಂಬ ಕೊಡ್ತಿದ್ದಾಗ ಎರಡು ವರ್ಷ ನೀನು ಬೇರೆ ಯಾರಿಗೂ ಒಂದು ಮೆಸೇಜ್ ಹಾಕಿಲ್ಲ ಅಂತ ನೀನೇ ಹೇಳಿದ್ದು. ಇವತ್ತು ಬರೆದ್ರೆ ಮಾತುಕತೆ, ಕೋಟೇಶನ್ನು, ಅಡ್ವಾನ್ಸು, ಕೆಲಸ, ಬಿಲ್ಲು ಅಂತ ದುಡ್ಡು ಕಾಣೋದು ಎರಡು ಮೂರು ತಿಂಗಳಾದ್ಮೇಲೆ, ಹಂಗಾಗಿ ಪುರುಸೊತ್ತಿಲ್ಲದ ತಿಂಗಳೇ ಬರೀಬೇಕು. ಕಾಲನೂ ನೋಡು. ನಮ್ಮೂರಲ್ಲಿ ಅಡಿಕೆ ಕೊಯ್ಲಾಗಿ ದುಡ್ಡು ಓಡಾಡೋವಾಗ ಖಾತೆ ಮಾಡ್ಸೋದು ಸಲೀಸು, ಆಷಾಢದ ಮಳೇಲಿ ಬರೀ ಪರಿಚಯ ಇಟ್ಕೊಳ್ಳೋದು. ನಿನಗೆ ದೀಪಾವಳಿ ಗಿಫ್ಟ್ ಬಾಕ್ಸಿನ ಕೆಲಸ ಬೇಕಾದ್ರೆ ದೀಪಾವಳಿಲಿ ಕೇಳಿದ್ರೆ ಆಯ್ತಾ? ಕಂಪನಿಗಳಿಗೆ ಏಪ್ರಿಲ್‌ಗೆ ಹೊಸ ವರ್ಷದ ಬಜೆಟ್ಟು, ಹಾಗಾಗಿ ಫೆಬ್ರವರಿ ಮಾರ್ಚಲ್ಲೇ ಅವರ ಕಣ್ಣಿಗೆ ಬಿದ್ದಿರಬೇಕು. ಎಲ್ಲಾ ತಿಂಗಳಿಗೂ ಒಂದೇ ಪಟ್ಟಿ ಹೊಂದಲ್ಲ.

ಲೆಕ್ಚರ್ ಆಯ್ತು, ಗೊತ್ತು. ಅಮ್ಮ ಹಿಂದಿನಿಂದ ಓದಿ 'ಮಗಳು ಊಟ ಮಾಡಿದ್ಲಾ ಅಂತ ಕೇಳಿಲ್ಲ ನೀವು' ಅಂತಿದಾಳೆ. ಊಟ ಮಾಡ್ತಿದೀಯ ತಾನೆ?

ಮೊನ್ನೆ ಪೇಟೆಲಿ ಅಂಗಡಿಗೆ ಹೋದಾಗ ನೀನು ಡಿಸೈನ್ ಮಾಡಿದ ಆ ಕಷಾಯ ಪುಡಿ ಪ್ಯಾಕೆಟ್ ಇತ್ತು, ಹಸಿರು ಬಣ್ಣದ್ದು, ಮೂಲೇಲಿ ಚಿಕ್ಕ ಹಂಡೆ ಬರೆದಿದೀಯಲ್ಲ, ಅದು. ಬೇಕಿರಲಿಲ್ಲ, ಆದ್ರೂ ಎರಡು ತಗೊಂಡೆ. 'ನಮ್ಮ ಹುಡುಗಿ ಮಾಡಿದ್ದು' ಅಂದ್ರೆ ಅಂಗಡಿಯವರು ಪುಡಿ ನೀನೇ ಕುಟ್ಟಿದ್ದು ಅಂದ್ಕೊಂಡ್ರು. ಹಿಂದೆ ಮುಂದೆ ತಿರುಗಿಸಿ ನೋಡಿದೆ, ನಿನ್ನ ಹೆಸರೆಲ್ಲೂ ಇಲ್ಲ. ಹಾಕಲ್ಲ ಅಂತ ಗೊತ್ತು ಬಿಡು, ಆದ್ರೆ ಕೆಲಸ ಒಪ್ಪಿಕೊಳ್ಳುವಾಗಲೇ 'ನನ್ನ ಪೋರ್ಟ್‌ಫೋಲಿಯೋಲಿ ತೋರಿಸ್ತೀನಿ' ಅಂತ ಬರೆಸ್ಕೊ.

ಆ ಕಂಪನಿ ಇನ್ನೂ ಕೊನೆ ಬಿಲ್ ಕೊಟ್ಟಿಲ್ಲ ಅಂದ್ಯಲ್ಲ. ಮುಂದಕ್ಕೆ ಹಾಗಾಗಬಾರದು ಅಂದ್ರೆ ಉದ್ಯಮ್ ನೋಂದಣಿ ಮಾಡಿಸ್ಕೊ, ಅಂದ್ರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ಬರೆಸೋದು. 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆ ಪ್ರಕಾರ ನೋಂದಣಿ ಆದ ಸಣ್ಣ ಉದ್ಯಮಕ್ಕೆ ಒಪ್ಪಂದ ಏನೇ ಇರ್ಲಿ, 45 ದಿನದೊಳಗೆ ದುಡ್ಡು ಕೊಡಬೇಕು, ತಡ ಮಾಡಿದ್ರೆ ಬಡ್ಡಿ ಸೇರಿಸಿ. ಅದನ್ನ ಬಿಲ್ಲಿನ ಕೆಳಗೇ ಒಂದು ಸಾಲು ಪ್ರಿಂಟ್ ಮಾಡ್ಸು. ಆಧಾರ್, ಪಾನ್ ಇದ್ರೆ ಆನ್‌ಲೈನಲ್ಲೇ ಆಗುತ್ತೆ, ಸರ್ಕಾರಿ ಸೈಟಲ್ಲಿ ಒಂದು ರೂಪಾಯಿ ಫೀಸಿಲ್ಲ. ಮಾಡ್ಕೊಡ್ತೀವಿ ಅಂತ ದುಡ್ಡು ಕೇಳೋರು ಸಿಕ್ತಾರೆ, ಕೊಡ್ಬೇಡ. ನಿನ್ನ ಪಾನ್ ಕಾರ್ಡ್ ಇಲ್ಲೇ ನನ್ನ ಫೈಲಲ್ಲಿದೆ, ಬೇಕಂದ್ರೆ ನಾಳೆನೇ ಫೋಟೋ ತೆಗೆದು ಕಳಿಸ್ತೀನಿ.

ಅಪ್ಪ