ಜಿಲ್ಲಾಧಿಕಾರಿಗಳೇ, ನರ್ಸ್‌ಗಳ ಒರಿಜಿನಲ್ ಸರ್ಟಿಫಿಕೇಟ್ ವಾಪಸ್ ಕೊಡಿಸಿ

ದಕ್ಷಿಣ ಕನ್ನಡದ ಮಾನ್ಯ ಜಿಲ್ಲಾಧಿಕಾರಿಯವರಿಗೆ ನಮಸ್ಕಾರ.

ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ಜಿಲ್ಲೆಯ ಖಾಸಗಿ ಆಸ್ಪತ್ರೆಗಳನ್ನು ನೋಂದಾಯಿಸುವ ಪ್ರಾಧಿಕಾರಕ್ಕೆ ತಾವೇ ಅಧ್ಯಕ್ಷರು. ಅದಕ್ಕೇ ಈ ಪತ್ರ ತಮಗೆ. ನರ್ಸಿಂಗ್ ಮುಗಿಸಿ ಮೊದಲ ಕೆಲಸಕ್ಕೆ ಸೇರುವ ಮಕ್ಕಳ ಒರಿಜಿನಲ್ ಸರ್ಟಿಫಿಕೇಟ್‌ಗಳನ್ನು ಕೆಲವು ಆಸ್ಪತ್ರೆಗಳು ಇಟ್ಟುಕೊಳ್ಳುತ್ತಿವೆ. ಅವನ್ನು ವಾಪಸ್ ಕೊಡಿಸಿ. ವರ್ಷಗಳಿಂದ ಎಲ್ಲರಿಗೂ ಗೊತ್ತಿದ್ದೂ ಯಾರೂ ಕೈಹಾಕದ ವಿಷಯ ಇದು.

ಸೇರುವ ದಿನ ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ, ಪದವಿಯ ಅಂಕಪಟ್ಟಿಗಳು, ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಪತ್ರ ಎಲ್ಲವನ್ನೂ ವೆರಿಫಿಕೇಶನ್‌ಗೆಂದು ಎಚ್‌ಆರ್‌ನವರು ತೆಗೆದುಕೊಳ್ಳುತ್ತಾರೆ. ಪ್ಲಾಸ್ಟಿಕ್ ಫೈಲಿಗೆ ಹಾಕಿ, ಮೇಲೆ ಹೆಸರಿನ ಚೀಟಿ ಅಂಟಿಸಿ, ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕುತ್ತಾರೆ. ಕೊಟ್ಟದ್ದಕ್ಕೆ ರಶೀದಿ ಇಲ್ಲ. ಅವಧಿಗೆ ಮುಂಚೆ ಕೆಲಸ ಬಿಟ್ಟರೆ ಇಷ್ಟು ಹಣ ಕಟ್ಟುತ್ತೇನೆ ಎಂಬ ಛಾಪಾ ಕಾಗದದ ಬಾಂಡ್‌ಗೆ ಸಹಿ, ಅದರ ಪ್ರತಿಯೂ ಕೈಗೆ ಸಿಗುವುದಿಲ್ಲ. ಸಹಿ ಮಾಡಿದ ಖಾಲಿ ಚೆಕ್ ಕೇಳುವವರೂ ಇದ್ದಾರೆ.

ಬೆಳ್ತಂಗಡಿ ಕಡೆಯ ಹುಡುಗಿಯೊಬ್ಬಳಿಗೆ ಸರಕಾರಿ ಗುತ್ತಿಗೆ ಹುದ್ದೆಯ ದಾಖಲೆ ಪರಿಶೀಲನೆಗೆ ಕರೆ ಬಂತು. ಒಂದು ದಿನದ ಮಟ್ಟಿಗೆ ಒರಿಜಿನಲ್ ಕೊಡಿ, ಸಂಜೆ ತಂದೊಪ್ಪಿಸುತ್ತೇನೆ ಎಂದಳು. ಬಾಂಡ್ ಹಣ ಕಟ್ಟಿ ತೆಗೆದುಕೊಂಡು ಹೋಗು ಎಂದರು. ರಬ್ಬರ್ ಟ್ಯಾಪಿಂಗ್ ಮಾಡುವ ಅಪ್ಪನ ಹತ್ತಿರ ಅಷ್ಟು ಹಣ ಎಲ್ಲಿಂದ ಬರಬೇಕು? ಜೆರಾಕ್ಸ್ ಹಿಡಿದು ಹೋದಳು, ಅಲ್ಲಿ ಒಪ್ಪಲಿಲ್ಲ. ಹುದ್ದೆ ಪಟ್ಟಿಯಲ್ಲಿದ್ದ ಮುಂದಿನವರ ಪಾಲಾಯಿತು. ಅವಳು ಅದೇ ಆಸ್ಪತ್ರೆಯ ನೈಟ್ ಡ್ಯೂಟಿಗೆ ಮರಳಿದಳು. ಒಬ್ಬರ ಓದಿನ ದಾಖಲೆಯನ್ನು ಹೀಗೆ ಒತ್ತೆ ಇಟ್ಟುಕೊಳ್ಳುವ ಅಧಿಕಾರ ಇವರಿಗೆ ಯಾರು ಕೊಟ್ಟರು ಸ್ವಾಮಿ?

ತರಬೇತಿಗೆ ನಮಗೆ ಖರ್ಚಾಗುತ್ತದೆ ಎನ್ನುತ್ತಾರೆ. ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾದ ಮೂರು ವರ್ಷದೊಳಗೇ ಆರು ತಿಂಗಳ ಇಂಟರ್ನ್‌ಶಿಪ್ ಇದೆ. ಬಿ.ಎಸ್ಸಿ. ನರ್ಸಿಂಗ್‌ನ ಎಂಟನೇ ಸೆಮಿಸ್ಟರ್ ಇಂಟರ್ನ್‌ಶಿಪ್ಪೇ. ಐವಿ ಹಾಕುವುದು, ಕ್ಯಾಥೆಟರ್, ಸಕ್ಷನ್ ಎಲ್ಲ ಕಲಿತೇ ಬಂದಿರುತ್ತಾರೆ. ಆ ಆಸ್ಪತ್ರೆಯ ಕಂಪ್ಯೂಟರ್ ಎಂಟ್ರಿ, ಔಷಧ ಇಂಡೆಂಟ್ ಹಾಕುವ ಕ್ರಮ, ತುರ್ತು ಔಷಧ-ಸಲಕರಣೆಗಳ ಗಾಡಿಯಾದ ಕ್ರ್ಯಾಶ್ ಕಾರ್ಟ್‌ನಲ್ಲಿ ಯಾವುದು ಎಲ್ಲಿದೆ ಎಂಬುದನ್ನು ಹೇಳಿಕೊಡಲು ಕೆಲವು ದಿನ ಸಾಕು. ವೆರಿಫಿಕೇಶನ್ ಎಂಬ ನೆಪವೂ ನಿಲ್ಲುವುದಿಲ್ಲ. ಒರಿಜಿನಲ್ ನೋಡಿ, ಸ್ವಯಂ ದೃಢೀಕರಿಸಿದ ಪ್ರತಿ ಇಟ್ಟುಕೊಂಡು, ನೋಂದಣಿ ಸಂಖ್ಯೆಯನ್ನು ಕೌನ್ಸಿಲ್‌ನಿಂದ ಖಚಿತಪಡಿಸಿಕೊಂಡರೆ ಮುಗಿಯಿತು. ಬಾಂಡ್ ಮುರಿದರೂ ಅದರಲ್ಲಿ ಬರೆದ ಮೊತ್ತವೆಲ್ಲ ತನ್ನಿಂತಾನೆ ಆಸ್ಪತ್ರೆಗೆ ಸೇರುವುದಿಲ್ಲ. 1872ರ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಸಿಗುವುದು ನ್ಯಾಯವಾದ ಪರಿಹಾರ ಮಾತ್ರ. ತಮಗೆ ತಿಳಿಯದ್ದಲ್ಲ. ಇಪ್ಪತ್ತೆರಡರ ಹುಡುಗಿಗೆ ಇದನ್ನು ಯಾರೂ ಹೇಳಿರುವುದಿಲ್ಲ.

ನರ್ಸ್‌ಗಳು ಬೇಗ ಬಿಟ್ಟು ಹೋಗುತ್ತಾರೆ ಎಂಬ ಆಸ್ಪತ್ರೆಗಳ ದೂರು ನಿಜ. ಸಂಬಳ ನೋಡಿ. ಸುಪ್ರೀಂ ಕೋರ್ಟ್ ಸೂಚನೆಯಂತೆ 2016ರಲ್ಲಿ ಕೇಂದ್ರ ನೇಮಿಸಿದ ಸಮಿತಿ, 50ಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲೂ ನರ್ಸ್‌ಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಇರಬಾರದು, 200ಕ್ಕಿಂತ ಹೆಚ್ಚು ಹಾಸಿಗೆಯಿದ್ದರೆ ಸರಕಾರಿ ನರ್ಸ್‌ನಷ್ಟೇ ಕೊಡಬೇಕು ಎಂದಿತ್ತು. ಇಲ್ಲಿ ಟ್ರೈನಿ ಎಂದು ಬರೆದು ಅದಕ್ಕಿಂತ ಕಡಿಮೆ ಕೊಡುತ್ತಾರೆ, ವಾರ್ಡ್ ಮಾತ್ರ ಪೂರ್ತಿ ಅವರ ಮೇಲೆಯೇ. ಟ್ರೈನಿ ಎಂಬ ಆ ಒಂದು ಪದದಿಂದ ಮುಂದೆ ಗಲ್ಫ್‌ಗೆ ಅರ್ಜಿ ಹಾಕುವಾಗ ಆ ಅವಧಿ ಅನುಭವದ ಲೆಕ್ಕಕ್ಕೆ ಸಿಗುವುದೂ ಕಷ್ಟ. ಆದ್ದರಿಂದ ಮೊದಲ ದಿನವೇ ಸ್ಟಾಫ್ ನರ್ಸ್ ಎಂದು ಬರೆದ ನೇಮಕಾತಿ ಪತ್ರ ಕೊಡಬೇಕು.

ತಮ್ಮ ಸಹಿಯ ಒಂದು ಸುತ್ತೋಲೆ ಸಾಕು. ಇಟ್ಟುಕೊಂಡ ಒರಿಜಿನಲ್‌ಗಳನ್ನು ಹದಿನೈದು ದಿನದೊಳಗೆ ಸಹಿ ಪಡೆದು ಹಿಂದಿರುಗಿಸಬೇಕು. ನೋಂದಣಿ ನವೀಕರಣಕ್ಕೆ ಬರುವ ಪ್ರತಿ ಆಸ್ಪತ್ರೆ, ಸಿಬ್ಬಂದಿಯ ಯಾವ ಮೂಲ ದಾಖಲೆಯೂ ತನ್ನಲ್ಲಿಲ್ಲ ಎಂದು ಬರೆದುಕೊಡಬೇಕು. ತಪಾಸಣೆಗೆ ಹೋದ ತಂಡ ಎಚ್‌ಆರ್ ಕಪಾಟನ್ನೂ ತೆರೆಸಿ ನೋಡಲಿ. ದೂರು ಕೊಟ್ಟವರ ಹೆಸರು ಆಸ್ಪತ್ರೆಗೆ ಹೋಗಬಾರದು, ಹೋದರೆ ಮರುದಿನವೇ ಡ್ಯೂಟಿ ಪಟ್ಟಿಯಲ್ಲಿ ಸೇಡು ಕಾಣಿಸುತ್ತದೆ. ಈ ಬಾರಿಯ ಫಲಿತಾಂಶ ಬಂದು ಹೊಸಬರು ಕೆಲಸಕ್ಕೆ ಸೇರುವ ಮೊದಲೇ ಇದಾಗಬೇಕು. ಒರಿಜಿನಲ್ ವಾಪಸ್ ಕೊಡಿಸಿ.

ಇತಿ,
ಮಂಗಳೂರಿನ ಒಬ್ಬ ನರ್ಸಿಂಗ್ ಅಧ್ಯಾಪಕಿ