ಪೊಲೀಸ್ ಇಲ್ಲದ ಕಾನೂನು

ಸ್ಟ್ರಾಸ್‌ಬರ್ಗ್, ಫ್ರಾನ್ಸ್
ಭಾನುವಾರ ರಾತ್ರಿ

ಪ್ರೀತಿಯ ಅಪ್ಪ, ಅಮ್ಮ,

ನಾನು ಚೆನ್ನಾಗಿದ್ದೇನೆ. ಅಮ್ಮ, ನಿದ್ದೆ ಸರಿಯಾಗಿ ಮಾಡುತ್ತಿದ್ದೇನೆ, ಮತ್ತೆ ಕೇಳಬೇಡ.

ಅಪ್ಪ, ಹೋದ ವಾರ ಫೋನಿನಲ್ಲಿ ಕೇಳಿದಿರಲ್ಲ, "ಪೊಲೀಸ್ ಇಲ್ಲ, ಜೈಲಿಲ್ಲ, ನೀನು ಓದುತ್ತಿರುವ ಈ ಮಾನವ ಹಕ್ಕುಗಳ ಕಾನೂನು ಅದೆಂಥ ಕಾನೂನು ಮಾರಾಯ್ತಿ?" ಅಂತ. ಆಗ ಉತ್ತರ ಹೊಳೆಯಲಿಲ್ಲ. ಸಿಗ್ನಲ್ ಸರಿಯಿಲ್ಲ ಅಂತ ಸುಳ್ಳು ಹೇಳಿ ಫೋನ್ ಇಟ್ಟೆ. ವಾರವಿಡೀ ಅದೇ ತಲೆಯಲ್ಲಿ ಕೊರೆಯುತ್ತಿತ್ತು.

ಇಲ್ಲಿಯ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಟ್ರಾಮ್‌ನಲ್ಲೇ ಹೋಗಬಹುದು. ಇಳಿಯುವ ನಿಲ್ದಾಣದ ಹೆಸರೇ 'ಮಾನವ ಹಕ್ಕುಗಳು'! ಬುಧವಾರ ಕ್ಲಾಸಿನವರೆಲ್ಲ ಒಂದು ವಿಚಾರಣೆ ನೋಡಲು ಹೋಗಿದ್ದೆವು. 17 ನ್ಯಾಯಾಧೀಶರು ಸಾಲಾಗಿ ಕೂತಿದ್ದರು. ಕಿರುಚಾಟ ಇಲ್ಲ, ಮೇಜು ಗುದ್ದುವುದಿಲ್ಲ. ನಿಜ ಹೇಳಬೇಕೆಂದರೆ ಸ್ವಲ್ಪ ಬೋರಾಯಿತು. ತೀರ್ಪು ಬರಲು ಇನ್ನೂ ತಿಂಗಳುಗಟ್ಟಲೆ ಕಾಯಬೇಕಂತೆ.

ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲಿ ಸಿಗಲಿಲ್ಲ, ಇದೇ ನ್ಯಾಯಾಲಯದ ಹಳೆಯ ಒಂದು ತೀರ್ಪಿನಲ್ಲಿ ಸಿಕ್ಕಿತು. 1979ರದ್ದು. ಜೊಹಾನಾ ಏರಿ ಅಂತ ಐರ್ಲೆಂಡಿನ ಹೆಂಗಸು. ಗಂಡ ಕುಡುಕ ಅಂತ ಇವರ ದೂರು. ಇವರ ಮೇಲೆ ಕೈ ಮಾಡಿದ್ದಕ್ಕೆ ಒಮ್ಮೆ ಕೋರ್ಟು ಅವನಿಗೆ ದಂಡವನ್ನೂ ಹಾಕಿತ್ತು. ಆ ದೇಶದಲ್ಲಿ ಆಗ ವಿಚ್ಛೇದನವೇ ಇರಲಿಲ್ಲ. ಬೇರೆ ಇರಲು ಆದೇಶ ಪಡೆಯಬಹುದಿತ್ತು, ಅದೂ ಹೈಕೋರ್ಟಿನಲ್ಲಿ ಮಾತ್ರ. ವಕೀಲರಿಟ್ಟರೆ ಕಡಿಮೆ ಅಂದರೂ 500 ಪೌಂಡ್ ಖರ್ಚು. ಇವರ ಕೈಗೆ ಬರುತ್ತಿದ್ದ ವಾರದ ಸಂಬಳ 40 ಪೌಂಡ್ ಕೂಡ ಇರಲಿಲ್ಲ. ಕೋರ್ಟಿಗೆ ಹೋಗಲು ದಾರಿಯೇ ಇಲ್ಲ ಅಂತ ಇಲ್ಲಿಗೆ ದೂರು ತಂದರು.

ಐರ್ಲೆಂಡ್ ಸರ್ಕಾರ ಹೇಳಿದ್ದೇನು ಗೊತ್ತಾ? ಕೋರ್ಟಿನ ಬಾಗಿಲು ತೆರೆದೇ ಇದೆ, ವಕೀಲರೇ ಬೇಕೆಂದೇನಿಲ್ಲ, ತಾವೇ ಬಂದು ವಾದಿಸಬಹುದಿತ್ತು ಅಂತ. ಇಲ್ಲಿಯ ನ್ಯಾಯಾಧೀಶರು ಲೆಕ್ಕ ನೋಡಿದರು. 1972ರಿಂದ 1978ರವರೆಗೆ ಅಂಥ 255 ಅರ್ಜಿಗಳು. ವಕೀಲರಿಲ್ಲದೆ ಬಂದವರು ಒಬ್ಬರೂ ಇಲ್ಲ! ಹಕ್ಕು ಸುಮ್ನೆ ಕಾಗದದಲ್ಲಿದ್ದರೆ ಸಾಲದು, ಕೈಗೆ ಸಿಗುವಂತಿರಬೇಕು ಅಂದುಬಿಟ್ಟರು. ಸ್ವಲ್ಪ ದಿನದಲ್ಲೇ ಐರ್ಲೆಂಡಿನಲ್ಲಿ ಸಿವಿಲ್ ಕೇಸುಗಳಿಗೂ ಸರ್ಕಾರದ ಕಾನೂನು ನೆರವು ಶುರುವಾಯಿತು.

ಯಾವ ಪೊಲೀಸೂ ಹೋಗಿರಲಿಲ್ಲ, ಅಪ್ಪ. ಈ ನ್ಯಾಯಾಲಯವನ್ನು ಒಪ್ಪಿಕೊಂಡ ದೇಶಗಳ ಕೂಟದಲ್ಲಿ (ಕೌನ್ಸಿಲ್ ಆಫ್ ಯುರೋಪ್) ಈಗ 46 ದೇಶಗಳಿವೆ. ತೀರ್ಪು ಬಂದ ಮೇಲೆ ಸೋತ ದೇಶವನ್ನು ಉಳಿದವರು ಕೂರಿಸಿಕೊಂಡು ಕೇಳುತ್ತಾರೆ, "ಏನು ಮಾಡಿದಿರಿ? ಎಲ್ಲಿಗೆ ಬಂತು?" ವರ್ಷಗಟ್ಟಲೆ ಅದೇ ಪ್ರಶ್ನೆ. ನಾಚಿಕೆ ಇರುವವರಿಗೆ ಅಷ್ಟು ಸಾಕು. ಇಲ್ಲದವರಿಗೆ ಸಾಲದು, ಒಪ್ಪಿದೆ. 2022ರಲ್ಲಿ ರಷ್ಯಾವನ್ನು ಹೊರಗೆ ಹಾಕಿದರು. ಆಮೇಲೆ ಬಂದ ತೀರ್ಪುಗಳನ್ನು ಅದು ಕಿವಿಗೇ ಹಾಕಿಕೊಳ್ಳುತ್ತಿಲ್ಲ.

ಅಮ್ಮ, ಇದು ನಿನಗೆ. 1948ರ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆ ಇದೆಯಲ್ಲ, ಅದರ ಕರಡಿನಲ್ಲಿ ಮೊದಲು 'ಆಲ್ ಮೆನ್' (ಎಲ್ಲ ಪುರುಷರು) ಅಂತಿತ್ತು. ಅದನ್ನು 'ಆಲ್ ಹ್ಯೂಮನ್ ಬೀಯಿಂಗ್ಸ್' (ಎಲ್ಲ ಮನುಷ್ಯರು) ಅಂತ ಮಾಡಿಸಿದ್ದು ಅಲ್ಲಿ ಭಾರತದ ಪ್ರತಿನಿಧಿಯಾಗಿದ್ದ ನಮ್ಮ ಹಂಸಾ ಮೆಹ್ತಾ. ಪ್ರೊಫೆಸರ್ ಈ ಹೆಸರು ಹೇಳಿದ ಕೂಡಲೇ ಎಲ್ಲರೂ ನನ್ನ ಕಡೆ ತಿರುಗಿದರು. ಕ್ಲಾಸಿನಲ್ಲಿ ಭಾರತದವಳು ನಾನೊಬ್ಬಳೇ. ನಾನೂ ಆ ಹೆಸರು ಕೇಳಿದ್ದು ಅವತ್ತೇ ಮೊದಲು! ಎಲ್ಲ ಗೊತ್ತಿದ್ದವಳ ಹಾಗೆ ತಲೆಯಾಡಿಸಿದೆ.

ಇನ್ನೊಂದು ಪೆಚ್ಚಾದ ಕತೆ. ಅಭ್ಯಾಸಕ್ಕೆ ಅಂತ ಒಂದು ಅರ್ಜಿ ಬರೆಯಲು ಕೊಟ್ಟಿದ್ದರು. ಹನ್ನೆರಡು ಪುಟ ಬರೆದೆ. ಚಿತ್ರಹಿಂಸೆ, ಘನತೆ ಅಂತೆಲ್ಲ ದೊಡ್ಡ ದೊಡ್ಡ ಮಾತು. ಮೊದಲ ಪುಟದಲ್ಲೇ ಕೆಂಪು ಶಾಯಿಯಲ್ಲಿ ಒಂದು ಸಾಲು ಬರೆದು ವಾಪಸ್ ಕೊಟ್ಟರು: "ತಾರೀಕು ನೋಡಿದ್ದೀಯಾ?" ಇಲ್ಲಿಗೆ ಬರುವ ಮೊದಲು ಸ್ವಂತ ದೇಶದ ಕೋರ್ಟುಗಳನ್ನೆಲ್ಲ ಮುಗಿಸಿರಬೇಕು. ಅಲ್ಲಿಯ ಕೊನೆಯ ತೀರ್ಪು ಬಂದು ನಾಲ್ಕು ತಿಂಗಳೊಳಗೆ ಅರ್ಜಿ ಹಾಕಬೇಕು. ನನ್ನ ಕಕ್ಷಿದಾರ ಐದನೇ ತಿಂಗಳಿಗೆ ಬಂದಿದ್ದ. ಪುಣ್ಯಕ್ಕೆ ಅವನು ಕಾಗದದ ಮೇಲಿನ ಮನುಷ್ಯ.

ಗುರುವಾರ ಹೊಸ ಅರ್ಜಿ ಕೊಡಬೇಕು. ಈ ಸಲ ಮೊದಲು ಕ್ಯಾಲೆಂಡರ್ ತೆಗೆದು ದಿನ ಎಣಿಸಿದ್ದೇನೆ.

ಅಪ್ಪ, ಮುಂದಿನ ಭಾನುವಾರ ಫೋನ್ ಮಾಡುತ್ತೇನೆ. ರಷ್ಯಾ ವಿಷಯ ಹಿಡಿದುಕೊಂಡು ಜಗಳಕ್ಕೆ ಬರುತ್ತೀರಿ ಅಂತ ಗೊತ್ತು. ಬನ್ನಿ. ಸಿಗ್ನಲ್ ಚೆನ್ನಾಗಿರುತ್ತದೆ.

ನಿಮ್ಮ ಮಗಳು