ಕಾಫಿ ಹಣ ಕೈಗೆ ಬಂದಾಗ

ವಿರಾಜಪೇಟೆ
ತಪಸ್ಸುಕಾಲದ ಮೊದಲ ಭಾನುವಾರ

ಪ್ರೀತಿಯ ಮಗಳೇ,

ಯೇಸುವಿಗೆ ಸ್ತುತಿ. ನಿನ್ನ ಕಾಗದ ತಲುಪಿತು. ಐದು ಮಕ್ಕಳು, ಅತ್ತೆ, ಮಾವ, ನೀವಿಬ್ಬರು, ಒಟ್ಟು ಒಂಬತ್ತು ತಟ್ಟೆ. ಸಂಸಾರ ಹೇಗೆ ತೂಗಿಸಲಿ ಎಂದು ಕೇಳಿದ್ದೀಯ. ಇಷ್ಟೊಂದು ಮಕ್ಕಳೇಕೆ ಎಂದು ಮೂಗು ಮುರಿಯುವವರ ವಿಷಯವನ್ನೂ ಬರೆದಿದ್ದೀಯ. ಅವರಿಗೆ ಉತ್ತರ ಹುಡುಕುತ್ತ ಕೂರಬೇಡ. ನಿನ್ನ ಮನೆಗೆ ಅವರು ಒಂದು ಸೇರು ಅಕ್ಕಿಯನ್ನೂ ತಂದು ಹಾಕುವವರಲ್ಲ.

ಪ್ರತಿ ತಿಂಗಳೂ ಲೆಕ್ಕ ಬರೆದರೂ ಕೈಯಲ್ಲಿ ಏನೂ ಉಳಿಯುವುದಿಲ್ಲ ಎನ್ನುತ್ತೀಯ. ಉಳಿಯುವುದಾದರೂ ಹೇಗೆ? ತಿಂಗಳ ಲೆಕ್ಕ ಸಂಬಳದವರಿಗೆ ಸರಿ. ಮೂರು ಎಕರೆ ತೋಟದವರಿಗೆ ಹಣ ಬರುವುದು ವರ್ಷಕ್ಕೊಮ್ಮೆ, ರೊಬಸ್ಟಾ ಕಾಫಿ ಕೊಯ್ದು, ಕಣದಲ್ಲಿ ಒಣಗಿಸಿ, ಚೀಲ ಕಟ್ಟಿ ಮಾರಿದಾಗ. ಈಸ್ಟರ್ ಕಳೆಯುತ್ತಲೇ ಮದುವೆಗಳು, ಮಕ್ಕಳು ಮೊದಲ ಸಲ ಪರಮಪ್ರಸಾದ ಪಡೆಯುವ ಕಮ್ಯುನಿಯನ್, ಜೂನ್ ಬಂದರೆ ಶಾಲೆ, ಆಮೇಲೆ ಬಿಡದ ಮಳೆ. ಆದ್ದರಿಂದ ಲೆಕ್ಕವನ್ನು ಮಾರ್ಚ್‌ನಿಂದ ಮಾರ್ಚ್‌ಗೆ ಇಡು. ಕಾಫಿ ಹಣ ಬರುವ ಹೊತ್ತಿಗೆ ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರವೂ ಬರುವುದನ್ನು ನಾನು ದೇವರ ಜಾಣತನ ಎನ್ನುತ್ತೇನೆ, ಫಾದರ್ ಒಪ್ಪುತ್ತಾರೋ ಇಲ್ಲವೋ. ಜೇಬು ತುಂಬಿರುವ 40 ದಿನ ಮದುವೆಯಿಲ್ಲ, ಔತಣವಿಲ್ಲ, ಮನೆಯಲ್ಲಿ ಮಾಂಸವಿಲ್ಲ. ಅಷ್ಟರೊಳಗೆ ಶಾಲೆಯದು, ದಿನಸಿಯದು, ಗೊಬ್ಬರ ಕೂಲಿಯದು, ಆಸ್ಪತ್ರೆಯದು ಎಂದು ಹಣವನ್ನು ಬೇರೆ ಬೇರೆ ಮಾಡಿಬಿಡು. ತಪಸ್ಸಿನಲ್ಲಿ ಉಳಿದ ಮಾಂಸದ ದುಡ್ಡಿಗೆ ಮಾತ್ರ ಆಸೆಪಡಬೇಡ, ಅದು ಬಡವರ ಪಾಲು.

ಬೆಳೆಯನ್ನು ಒಂದೇ ಸಲಕ್ಕೆ ಮಾರಬೇಡಿ ಎಂದು ಗಂಡನಿಗೂ ಹೇಳು. ಕಾಫಿಯನ್ನು ಮಳೆಗೆ ಮೊದಲೇ ಸಾಗಿಸಬೇಕು, ನಿಜ. ಕರಿಮೆಣಸು ಹಾಗಲ್ಲ. ಚೆನ್ನಾಗಿ ಒಣಗಿಸಿ ಇಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಎರಡು ಚೀಲ ಮೆಣಸು ಮೂಲೆಯಲ್ಲಿದ್ದರೆ ಆಗಸ್ಟ್‌ನಲ್ಲಿ ಮಗುವಿಗೆ ಜ್ವರ ಬಂದಾಗ ಯಾರ ಮುಂದೆಯೂ ಕೈಚಾಚಬೇಕಾಗಿಲ್ಲ. ವ್ಯಾಪಾರಿಯ ಬಳಿ ಹೋಗಿ ಗಿಡದಲ್ಲಿರುವ ಕಾಯಿಯ ಮೇಲೆ ಮುಂಗಡ ತರುವ ಚಾಳಿ ನಿಮ್ಮ ಮನೆಯಲ್ಲಿ ಶುರುವಾಗಿದೆ ಎಂದು ಕೇಳಿದೆ. ನಿಲ್ಲಿಸಿ. ಮುಂಗಡ ಕೊಟ್ಟವನು ದರವನ್ನೂ ತಾನೇ ಹೇಳುತ್ತಾನೆ.

ಇನ್ನು ಸಮಾರಂಭಗಳು. ನಮ್ಮವರ ಮನೆಗಳು ಊಟದಿಂದ ಮುಳುಗಿದ್ದನ್ನು ನಾನು ಕಂಡಿಲ್ಲ, ಊಟ ಹಾಕಿಸುವುದರಿಂದ ಮುಳುಗಿದ್ದನ್ನು ಬೇಕಾದಷ್ಟು ಕಂಡಿದ್ದೇನೆ. ಕಮ್ಯುನಿಯನ್‌ಗೆ ಹಾಲ್ ಹಿಡಿಯಬೇಕಂತೆ, ಮೂರು ಅಂತಸ್ತಿನ ಕೇಕ್ ಬೇಕಂತೆ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ನಮ್ಮ ಹಿರಿಯರಿಗೆ ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಇಲ್ಲಿ ನೆಲೆ ಕೊಟ್ಟ. 1792ರಲ್ಲಿ ಸಂತ ಅನ್ನಮ್ಮನವರ ಚರ್ಚು ಶುರುವಾಯಿತು. ಆಗ ಯಾರೂ ಕೇಕ್ ಕತ್ತರಿಸಿದ್ದು ನನಗಂತೂ ಗೊತ್ತಿಲ್ಲ. ನಿನ್ನ ಎರಡನೆಯವನಿಗೂ ಮೂರನೆಯವಳಿಗೂ ಒಂದೂವರೆ ವರ್ಷದ ಅಂತರ ತಾನೆ? ಇಬ್ಬರಿಗೂ ಒಂದೇ ವರ್ಷ ಕಮ್ಯುನಿಯನ್ ಕೊಡಿಸಲು ಆಗುತ್ತದೆಯೇ ಎಂದು ಫಾದರ್ ಹತ್ತಿರ ಮಾತಾಡು. ಪೂಜೆ ಮುಗಿಸಿ ಮನೆಯಂಗಳದಲ್ಲಿ ಊಟ ಹಾಕಿ. ಗೌನ್ ಹೊಲಿಸಬೇಡ, ಅದರ ಮಾತು ಕೊನೆಗೆ ಹೇಳುತ್ತೇನೆ.

ಈಸ್ಟರ್‌ಗೆ ಅಂಗಡಿಯಿಂದ ಕಿಲೋ ಲೆಕ್ಕದಲ್ಲಿ ಮಾಂಸ ತರುವುದು ಬಿಟ್ಟು, ನಾಲ್ಕು ಮನೆಯವರು ಸೇರಿ ಒಂದು ಹಂದಿ ಕಡಿಸಿ ಪಾಲು ಹಾಕಿಕೊಳ್ಳಿ. ನೆಣವನ್ನು ಎಸೆಯಬೇಡ. ಸಣ್ಣಗೆ ಹೆಚ್ಚಿ, ಒಂದು ಲೋಟ ನೀರು ಹಾಕಿ, ಸಣ್ಣ ಉರಿಯಲ್ಲಿ ಕರಗಲು ಬಿಡು. ನೀರು ಆರಿ, ಚೂರುಗಳು ಕೆಂಪಾಗಿ ಮೇಲೆ ತೇಲಿದಾಗ ಸೋಸಿ ಜಾಡಿಗೆ ತುಂಬು. ಒಗ್ಗರಣೆಗೆ ಬಹಳ ದಿನ ಬರುತ್ತದೆ. ತೇಲಿದ ಚೂರು ನಿನ್ನ ಕೈಗೆ ಸಿಗುವುದು ಅನುಮಾನ, ಐದು ಜನ ಬಾಗಿಲಲ್ಲೇ ಕಾಯುತ್ತಿರುತ್ತಾರೆ.

ಒಣಮೀನನ್ನು ಮೇ ತಿಂಗಳೊಳಗೆ ಕೊಂಡುಬಿಡು. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ, ಆಮೇಲೆ ದರ ಕೇಳಬೇಡ. ತಂದದ್ದನ್ನು ಎರಡು ಬಿಸಿಲು ಕಾಯಿಸಿ ಒಲೆಯ ಮೇಲಿನ ಅಟ್ಟದಲ್ಲಿಡು. ಹಲಸಿನ ಬೀಜಕ್ಕೆ ಕೆಮ್ಮಣ್ಣು ಮೆತ್ತಿ ಒಣಗಿಸಿ ಬುಟ್ಟಿಗೆ ಹಾಕಿದರೆ ಮಳೆಗಾಲದ ಕಕ್ಕಡ ತಿಂಗಳ ಸಾರಿಗೆ ಆಗುತ್ತದೆ. ಕೆಸ, ಬಿದಿರಿನ ಎಳೆ ಮೊಳಕೆ ಕಣಿಲೆ, ಎರಡೂ ತೋಟದ ಅಂಚಿನಲ್ಲೇ ಸಿಗುವಾಗ ಸಂತೆಯಲ್ಲಿ ಬೀನ್ಸ್ ಕೊಳ್ಳುವುದು ಏಕೆ? ಕಣಿಲೆಯನ್ನು ನೀರು ಬದಲಿಸುತ್ತ ನೆನೆಹಾಕಿಯೇ ಬೇಯಿಸು, ಅವಸರ ಮಾಡಬೇಡ.

ನಿನ್ನ ಮೈದುನ ಪ್ರೀತಿಯಿಂದ ಗೀಸರ್ ತಂದುಕೊಟ್ಟಿದ್ದಾನೆ, ಬೇಡವೆನ್ನಲಾರೆ. ಆದರೆ ಲೆಕ್ಕ ಹಾಕು. ಎರಡು ಕಿಲೋವ್ಯಾಟ್ ಗೀಸರ್ ಒಂದು ಗಂಟೆ ಉರಿದರೆ ಎರಡು ಯೂನಿಟ್. ಒಂಬತ್ತು ಜನಕ್ಕೆ ದಿನಕ್ಕೆ ಒಂದೂವರೆ ಗಂಟೆಯಾದರೂ ಬೇಕು, ತಿಂಗಳಿಗೆ 90 ಯೂನಿಟ್. ಉಚಿತ ಕರೆಂಟಿನ ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು, ದಾಟಿದಷ್ಟಕ್ಕೆ ಮಾತ್ರವಲ್ಲ. ಮರಕಸಿಯಲ್ಲಿ ಕಡಿದ ನೆರಳುಮರದ ಕೊಂಬೆ, ಕಪಾತು ಮಾಡಿದ ಕಾಫಿ ಕಡ್ಡಿ ತೋಟದಲ್ಲಿ ಕೊಳೆಯುತ್ತಿವೆ. ಮಳೆ ಹಿಡಿಯುವ ಮೊದಲು ಅವನ್ನು ಕೊಟ್ಟಿಗೆಗೆ ಸೇರಿಸಿ ಹಂಡೆ ಒಲೆ ಹಚ್ಚು. ಗೀಸರ್ ಮಾವನವರಿಗೆ ಮಾತ್ರ ಇರಲಿ, ಅವರು ವಯಸ್ಸಾದವರು.

ಕಿರಿಯವನ ಹೆಸರನ್ನು ರೇಷನ್ ಕಾರ್ಡಿಗೆ ಸೇರಿಸಿದೆಯೋ ಇಲ್ಲವೋ? ನಿಮ್ಮದು ಬಿಪಿಎಲ್ ಕಾರ್ಡು, ಅಕ್ಕಿ ಬರುವುದು ತಲೆಲೆಕ್ಕದಲ್ಲಿ. ಮೂರು ವರ್ಷದ ಮಗುವಿನ ಪಾಲನ್ನು ಇನ್ನೂ ಬಿಡುತ್ತಿದ್ದರೆ ನಾನು ಬರೆದ ಉಳಿತಾಯವೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ.

ಬರುವ ಬುಧವಾರ ಸಂತೆಗೆ ಬರುವಾಗ ಮೂರನೆಯವಳನ್ನೂ ಕರೆದುಕೊಂಡು ಬಾ. ಕಮ್ಯುನಿಯನ್ ಗೌನ್ ನನ್ನ ಪೆಟ್ಟಿಗೆಯಲ್ಲಿದೆ, ನಿನ್ನ ತಂಗಿಯರೂ ಅದನ್ನೇ ತೊಟ್ಟವರು. ಅಂಚಿನಲ್ಲಿ ನಾಲ್ಕು ಬೆರಳು ಮಡಿಕೆ ಬಿಟ್ಟು ಹೊಲಿಸಿದ್ದು, ಅಳತೆ ನೋಡಿ ಇಳಿಸಿಕೊಡುತ್ತೇನೆ. ಸರ್ಕಾರಿ ಬಸ್ಸಿಗೇ ಕಾಯಿರಿ, ಆಧಾರ್ ತೋರಿಸಿದರೆ ಇಬ್ಬರಿಗೂ ಟಿಕೆಟ್ ಹಣ ಕೇಳುವುದಿಲ್ಲ. ಖಾಸಗಿ ಬಸ್ಸಿನಲ್ಲಿ ಅದು ನಡೆಯುವುದಿಲ್ಲ.

ನಿನ್ನ
ದೊಡ್ಡಮ್ಮ